ಟರ್ಬೊ ಕಾರಿಗೆ ಚೆಕ್ ವಾಲ್ವ್: ಗಾಳಿಯ ದಾರಿ ತಿಳಿಯದೆ ಕೊಳವೆ ಕತ್ತರಿಸಬೇಡಿ

ಬಿಡದಿ, ರಾಮನಗರ, ಚನ್ನಪಟ್ಟಣಗಳ ಪೇಟೆಬೀದಿಗಳ ನಡುವೆಯೇ ಸಾಗುತ್ತಿದ್ದ ಬೆಂಗಳೂರು-ಮೈಸೂರು ಪ್ರಯಾಣ 2023ರ ಮಾರ್ಚ್ 12ರಂದು ಹೊಸ ಹೆದ್ದಾರಿ ಉದ್ಘಾಟನೆಗೊಂಡ ಬಳಿಕ ಸಂಪೂರ್ಣ ಬದಲಾಯಿತು. ರಾಮನಗರ ಮತ್ತು ಚನ್ನಪಟ್ಟಣ ಎರಡನ್ನೂ ಬದಿಗಿರಿಸಿ ಸಾಗುವ ಬೈಪಾಸ್‌ನಲ್ಲಿ ಈಗ ಸಿಗ್ನಲ್ ಇಲ್ಲ, ಎದುರು ಬರುವ ಎತ್ತಿನಗಾಡಿಯೂ ಇಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಹಾಗೂ ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದ ಪ್ರವೇಶ ನಿಷೇಧಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಗರಿಷ್ಠ ವೇಗ ನಿಗದಿಯಾಯಿತು.

ಇಂತಹ ರಸ್ತೆಗಳ ಜೊತೆಜೊತೆಗೇ ನಮ್ಮ ನಗರಗಳಲ್ಲಿ ಟರ್ಬೊ ಪೆಟ್ರೋಲ್ ಕಾರುಗಳ ಸಂಖ್ಯೆಯೂ ಬೆಳೆದಿದೆ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2017ರ ಟಾಟಾ ನೆಕ್ಸಾನ್, 2019ರ ಹ್ಯುಂಡೈ ವೆನ್ಯು ಮೊದಲಾದ ಮಾದರಿಗಳು ಹಿಂದೆ ದುಬಾರಿ ಕಾರುಗಳಿಗಷ್ಟೇ ಸೀಮಿತವಾಗಿದ್ದ ಈ ತಂತ್ರಜ್ಞಾನವನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದವು. ಅದರ ಬೆನ್ನಿಗೇ ಒಂದು ಹೊಸ ಹವ್ಯಾಸವೂ ಬಂದಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ 'ಪ್ಶ್ಶ್' ಎಂದು ಗಾಳಿ ಚಿಮ್ಮುವ ಸದ್ದಿಗಾಗಿ ಬ್ಲೋ-ಆಫ್ ವಾಲ್ವ್ ಬದಲಿಸುವುದು, ಅದು ಸರಿಯಾಗಿ ಕೆಲಸ ಮಾಡದಿದ್ದಾಗ ನಡುವೆ ಒಂದು ಚೆಕ್ ವಾಲ್ವ್ ಸೇರಿಸುವುದೇ ಆ ಹವ್ಯಾಸ.

ಚೆಕ್ ವಾಲ್ವ್ ಎಂಬುದು ಹೆಬ್ಬೆರಳಿನಷ್ಟು ಚಿಕ್ಕ ವಸ್ತು. ಆದರೆ ಅದನ್ನು ಎಲ್ಲಿ, ಯಾವ ದಿಕ್ಕಿಗೆ ಕೂರಿಸಲಾಗಿದೆ ಎಂಬುದರ ಮೇಲೆ ಟರ್ಬೊದ ಆಯಸ್ಸು ಮಾತ್ರವಲ್ಲ, ಕೆಲವೊಮ್ಮೆ ಬ್ರೇಕ್‌ನ ಬಲವೂ ನಿಂತಿರುತ್ತದೆ. ಆದ್ದರಿಂದ ಈ ಚಿಕ್ಕ ಕವಾಟದ ಕೆಲಸವನ್ನು ಕೊಂಚ ವಿವರವಾಗಿ ತಿಳಿಯುವುದು ಅಗತ್ಯ.

ಬುಗುರಿಯಂತೆ ತಿರುಗುವ ಟರ್ಬೊ

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಹೊಗೆಯ ಕಡೆಯದು ಟರ್ಬೈನ್, ಗಾಳಿಯ ಕಡೆಯದು ಕಂಪ್ರೆಸರ್. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಇಂಧನ ಉರಿಸಬಹುದು. ಆದಕಾರಣವೇ ಒಂದು ಲೀಟರಿನ ಪುಟ್ಟ ಎಂಜಿನ್ ಒಂದೂವರೆ ಲೀಟರಿನ ಎಂಜಿನ್ನಿನ ಕೆಲಸ ಮಾಡಬಲ್ಲದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಈ ಕೊರತೆಯನ್ನೂ ಟರ್ಬೊ ಬಹುಮಟ್ಟಿಗೆ ತುಂಬಿಕೊಡುತ್ತದೆ.

ಈ ಚಕ್ರಗಳ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನೂ ಮೀರುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ಆಡಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಕೈ ಬಿಟ್ಟ ಮೇಲೂ ಬುಗುರಿ ತಿರುಗುತ್ತಲೇ ಇರುತ್ತದೆ. ಟರ್ಬೊದ ಸಮಸ್ಯೆ ಹುಟ್ಟುವುದೂ ಇಲ್ಲಿಂದಲೇ. ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಎಂಜಿನ್ನಿನ ಗಾಳಿದ್ವಾರವಾದ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಆದರೆ ಕಂಪ್ರೆಸರ್ ಮಾತ್ರ ತಿರುಗುತ್ತ, ಗಾಳಿಯನ್ನು ತಳ್ಳುತ್ತಲೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಬಡಿದ ಗಾಳಿ ಹಿಂದಕ್ಕೆ ನುಗ್ಗಿ ಕಂಪ್ರೆಸರ್‌ನ ರೆಕ್ಕೆಗಳನ್ನೇ ತಡೆಯುತ್ತದೆ. ಪಾರಿವಾಳ ರೆಕ್ಕೆ ಬಡಿದಂತಹ ಪಟಪಟ ಸದ್ದು ಕೇಳಿಬರುವುದು ಆಗಲೇ. ಇದನ್ನು ತಂತ್ರಜ್ಞರು ಸರ್ಜ್ ಎನ್ನುತ್ತಾರೆ. ಹೆಚ್ಚು ಒತ್ತಡದಲ್ಲಿ ಪದೇ ಪದೇ ಹೀಗಾದರೆ ದಂಡದ ಬೇರಿಂಗ್‌ಗಳ ಮೇಲೆ ಹೊರೆ ಬೀಳುತ್ತದೆ. ಚಕ್ರದ ವೇಗ ಕುಸಿಯುವುದರಿಂದ ಮುಂದಿನ ಗೇರಿನಲ್ಲಿ ಎಳೆತವೂ ತಡವಾಗುತ್ತದೆ.

ಬ್ಲೋ-ಆಫ್ ವಾಲ್ವ್ ಮಾಡುವ ಕೆಲಸ

ಹೀಗೆ ಸಿಕ್ಕಿಬಿದ್ದ ಗಾಳಿಗೆ ಹೊರದಾರಿ ಕೊಡುವುದೇ ಬ್ಲೋ-ಆಫ್ ವಾಲ್ವ್. ಟರ್ಬೊ ಮತ್ತು ಥ್ರಾಟಲ್ ನಡುವಿನ ಕೊಳವೆಯ ಮೇಲೆ ಇದು ಕೂತಿರುತ್ತದೆ. ಒಳಗೆ ಒಂದು ಪಿಸ್ಟನ್ ಅಥವಾ ರಬ್ಬರ್ ಪೊರೆ, ಅದರ ಬೆನ್ನಿಗೆ ಒಂದು ಸ್ಪ್ರಿಂಗ್. ಸ್ಪ್ರಿಂಗ್ ಇರುವ ಕೋಣೆಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ, ಅಂದರೆ ಥ್ರಾಟಲ್ ದಾಟಿದ ನಂತರದ ಭಾಗದಿಂದ, ಒಂದು ಸಣ್ಣ ಕೊಳವೆ ಬರುತ್ತದೆ. ವಾಲ್ವ್ ಯಾವಾಗ ತೆರೆಯಬೇಕೆಂದು ಸೂಚನೆ ಕೊಡುವುದು ಈ ಕೊಳವೆಯೇ. ಇದನ್ನು ಸೂಚನಾ ಕೊಳವೆ ಎಂದು ಕರೆಯೋಣ.

ಕಾರು ಒತ್ತಡದಲ್ಲಿ ಎಳೆಯುತ್ತಿರುವಾಗ ವಾಲ್ವಿನ ಕೆಳಗೂ ಮೇಲೂ ಹೆಚ್ಚುಕಡಿಮೆ ಒಂದೇ ಒತ್ತಡ. ಅದಕ್ಕೆ ಸ್ಪ್ರಿಂಗ್‌ನ ಬಲ ಸೇರುವುದರಿಂದ ವಾಲ್ವ್ ಮುಚ್ಚಿರುತ್ತದೆ. ಕಾಲು ತೆಗೆದ ಕ್ಷಣದಲ್ಲಿ ಥ್ರಾಟಲ್ ಮುಚ್ಚಿ, ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಉಂಟಾಗುತ್ತದೆ. ಆಗ ಮೇಲಿನಿಂದ ಸೆಳೆತ, ಕೆಳಗಿನಿಂದ ತಳ್ಳು; ವಾಲ್ವ್ ತೆರೆದು ಗಾಳಿ ಹೊರಹೋಗುತ್ತದೆ.

ಹೊರಹೋಗುವ ದಾರಿಯಲ್ಲಿ ಎರಡು ಬಗೆ. ಕಾರ್ಖಾನೆಯಿಂದ ಬರುವ ಬಹುತೇಕ ಕಾರುಗಳಲ್ಲಿ ಆ ಗಾಳಿ ಮರಳಿ ಟರ್ಬೊದ ಬಾಯಿಗೇ ಸೇರುತ್ತದೆ, ಸದ್ದು ಕಡಿಮೆ. ಇದನ್ನು ಡೈವರ್ಟರ್ ವಾಲ್ವ್ ಎಂದೂ ಕರೆಯುತ್ತಾರೆ. ಹವ್ಯಾಸಿಗಳು ಹಾಕಿಸುವ ಬದಲಿ ವಾಲ್ವುಗಳು ಗಾಳಿಯನ್ನು ನೇರ ಬಯಲಿಗೆ ಬಿಡುತ್ತವೆ. ಆ 'ಪ್ಶ್ಶ್' ಸದ್ದು ಇಲ್ಲಿಯದು.

ಚೆಕ್ ವಾಲ್ವ್ ಎಂದರೇನು?

ಚೆಕ್ ವಾಲ್ವ್ ನಮಗೆ ಅಪರಿಚಿತವಲ್ಲ. ಮನೆಯ ನೀರಿನ ಪಂಪಿಗೆ ಕೂರಿಸುವ ನಾನ್ ರಿಟರ್ನ್ ವಾಲ್ವ್, ಬಾವಿಯ ಪಂಪಿನ ತಳದ ಫುಟ್ ವಾಲ್ವ್, ಸೈಕಲ್ ಟ್ಯೂಬಿನ ಬಾಯಿ, ನಮ್ಮ ಹೃದಯದ ಕವಾಟಗಳು ಎಲ್ಲವೂ ಇದೇ ತತ್ತ್ವದವು. ಒಂದು ದಿಕ್ಕಿಗೆ ಹರಿಯಗೊಡುವುದು, ಮರಳಿ ಬರದಂತೆ ತಡೆಯುವುದು ಇಷ್ಟೇ ಅದರ ಕೆಲಸ. ಟರ್ಬೊ ಪೆಟ್ರೋಲ್ ಕಾರಿನಲ್ಲಿ ತಯಾರಕರೇ ಇಂತಹ ಕವಾಟಗಳನ್ನು ಇಟ್ಟಿರುತ್ತಾರೆ. ಎಂಜಿನ್ನಿನ ತಳಕೋಣೆಯ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ದಾರಿಯಲ್ಲಿ ಒಂದು ಇರುತ್ತದೆ. ಅದಿಲ್ಲದಿದ್ದರೆ ಟರ್ಬೊದ ಒತ್ತಡ ತಳಕೋಣೆಗೆ ನುಗ್ಗಿ ಸೀಲುಗಳಿಂದ ಆಯಿಲ್ ಒಸರುತ್ತದೆ. ಬ್ರೇಕ್ ಬೂಸ್ಟರ್‌ನ ದಾರಿಯಲ್ಲಿ ಇನ್ನೊಂದು. ಅದರ ಮಾತನ್ನು ಮುಂದೆ ನೋಡೋಣ.

ಸೂಚನಾ ಕೊಳವೆಯ ನಡುವೆ ಸೇರಿಸಿದರೆ?

ಬದಲಿ ವಾಲ್ವ್ ಹಾಕಿದ ಮೇಲೆ ಎಳೆತ ಕುಗ್ಗಿತು, ಅಥವಾ ನಿಂತಲ್ಲಿ ಎಂಜಿನ್ ನಡುಗುತ್ತಿದೆ ಎಂದಾಗ, ಸೂಚನಾ ಕೊಳವೆಯನ್ನು ಕತ್ತರಿಸಿ ನಡುವೆ ಚೆಕ್ ವಾಲ್ವ್ ಸೇರಿಸುವ ಸಲಹೆ ಕೇಳಿಬರುತ್ತದೆ. ಇದು ಸರಿಯೇ? ಎರಡೂ ದಿಕ್ಕುಗಳನ್ನು ಪರೀಕ್ಷಿಸಿ ನೋಡೋಣ.

ಮೊದಲನೆಯದು, ಮ್ಯಾನಿಫೋಲ್ಡ್‌ನಿಂದ ವಾಲ್ವಿನ ಕಡೆಗೆ ಮಾತ್ರ ಗಾಳಿ ಹೋಗುವಂತೆ ಕೂರಿಸಿದೆವೆಂದು ಭಾವಿಸಿ. ಎಳೆತದ ವೇಳೆ ಒತ್ತಡ ಸ್ಪ್ರಿಂಗ್ ಕೋಣೆಯನ್ನು ಹೊಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಕಾಲು ತೆಗೆದಾಗ ನಿರ್ವಾತ ಆ ಕೋಣೆಯನ್ನು ತಲುಪುವುದೇ ಇಲ್ಲ. ವಾಲ್ವ್ ತೆರೆಯದು, ತಪ್ಪಿಸಬೇಕೆಂದಿದ್ದ ಸರ್ಜ್ ತಪ್ಪುವುದಿಲ್ಲ.

ಎರಡನೆಯದು, ವಾಲ್ವಿನಿಂದ ಮ್ಯಾನಿಫೋಲ್ಡ್ ಕಡೆಗೆ ಮಾತ್ರ ಹೋಗುವಂತೆ ಕೂರಿಸಿದರೆ, ನಿರ್ವಾತವೇನೋ ತಲುಪುತ್ತದೆ. ಆದರೆ ಎಳೆತದ ವೇಳೆಯ ಒತ್ತಡ ತಲುಪುವುದಿಲ್ಲ. ಕೆಳಗಿನಿಂದ ತಳ್ಳುವ ಗಾಳಿಯನ್ನು ಸ್ಪ್ರಿಂಗ್ ಒಂದೇ ಎದುರಿಸಬೇಕು. ಮೇಲಾಗಿ ಕೋಣೆಯಲ್ಲಿ ಉಳಿದ ನಿರ್ವಾತವೂ ವಾಲ್ವನ್ನು ತೆರೆಯುವ ಕಡೆಗೇ ಸೆಳೆಯುತ್ತದೆ. ಟರ್ಬೊ ತುಂಬಿದ ಗಾಳಿ ಅರ್ಧದಾರಿಯಲ್ಲೇ ಸೋರಿಹೋಗಿ ಎಳೆತ ಇನ್ನಷ್ಟು ಕುಗ್ಗುತ್ತದೆ.

ಅಂದರೆ ಸಾಮಾನ್ಯ ಬ್ಲೋ-ಆಫ್ ವಾಲ್ವಿನ ಸೂಚನಾ ಕೊಳವೆಯಲ್ಲಿ ಗಾಳಿ ಎರಡೂ ದಿಕ್ಕಿಗೆ ಓಡಾಡಲೇಬೇಕು. ಅಲ್ಲಿ ಏಕಮುಖ ಕವಾಟಕ್ಕೆ ಜಾಗವಿಲ್ಲ.

ಹಾಗಾದರೆ ತಯಾರಕರು ಈ ಭಾಗದಲ್ಲಿ ಎಂದೂ ಚೆಕ್ ವಾಲ್ವ್ ಬಳಸಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಬಳಸಿದ್ದಾರೆ. ಫೋಕ್ಸ್‌ವ್ಯಾಗನ್ ಸಮೂಹದ 1.8 ಲೀಟರ್ ಟರ್ಬೊ ಎಂಜಿನ್ನಿನ ಹಲವು ಆವೃತ್ತಿಗಳಲ್ಲಿ ನಿರ್ವಾತವನ್ನು ಕೂಡಿಡುವ ಒಂದು ಪುಟ್ಟ ಡಬ್ಬಿ, ಅದರ ಮುಂದೆ ಚೆಕ್ ವಾಲ್ವ್, ಮತ್ತು ಕಂಪ್ಯೂಟರ್ ನಿಯಂತ್ರಿಸುವ ವಿದ್ಯುತ್ ಕವಾಟ ಇದ್ದವು. ಅಗತ್ಯ ಬಿದ್ದ ಕ್ಷಣದಲ್ಲಿ ಕೂಡಿಟ್ಟ ನಿರ್ವಾತದಿಂದ ಡೈವರ್ಟರ್ ತೆರೆಯುವುದು ಅದರ ಉದ್ದೇಶ. ಅಲ್ಲಿ ಚೆಕ್ ವಾಲ್ವ್ ಕಾಯುತ್ತಿದ್ದುದು ಡಬ್ಬಿಯ ನಿರ್ವಾತವನ್ನು. ವಾಲ್ವಿಗೆ ಒತ್ತಡವನ್ನೂ ನಿರ್ವಾತವನ್ನೂ ಬದಲಿಸಿ ಕೊಡಲು ವಿದ್ಯುತ್ ಕವಾಟ ಬೇರೆಯೇ ಇತ್ತು. ಮೂರು ಭಾಗಗಳ ಆ ವ್ಯವಸ್ಥೆಯಿಂದ ಒಂದನ್ನು ಮಾತ್ರ ಎತ್ತಿ ತಂದರೆ ಫಲ ಸಿಗದು.

ಸರಿಯಾದ ಜಾಗ: ಹೊರಬಾಯಿ

ಚೆಕ್ ವಾಲ್ವ್ ನಿಜವಾಗಿ ಉಪಯೋಗಕ್ಕೆ ಬರುವ ಸ್ಥಳವೊಂದಿದೆ. ಅದು ಬಯಲಿಗೆ ಗಾಳಿ ಬಿಡುವ ವಾಲ್ವಿನ ಹೊರಬಾಯಿ.

ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ನಿರ್ವಾತವಿರುತ್ತದೆ. ವಾಲ್ವಿನ ಸ್ಪ್ರಿಂಗ್ ಮೆದುವಾಗಿದ್ದರೆ ಅದು ಆಗಲೂ ತೆರೆದುಕೊಂಡಿರುತ್ತದೆ. ಟರ್ಬೊ ಆಗ ಒತ್ತಡ ಕೊಡುತ್ತಿರುವುದಿಲ್ಲ. ಬದಲಿಗೆ ಎಂಜಿನ್ ಫಿಲ್ಟರಿನ ಮೂಲಕ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ತೆರೆದ ವಾಲ್ವಿನಿಂದ ಹೊರಗಿನ ಗಾಳಿ ಒಳಗೆ ಹೊಕ್ಕರೆ ಎರಡು ತೊಂದರೆಗಳುಂಟು. ಒಂದು, ಆ ಗಾಳಿ ಫಿಲ್ಟರ್ ದಾಟಿ ಬಂದುದಲ್ಲ. ರಸ್ತೆಯ ಧೂಳು ನೇರ ಸಿಲಿಂಡರಿಗೆ ಸೇರುತ್ತದೆ. ಎರಡು, ಫಿಲ್ಟರಿನ ಬಳಿ ಗಾಳಿಯನ್ನು ಅಳೆಯುವ ಸಂವೇದಕ ಇರುವ ಕಾರುಗಳಲ್ಲಿ ಈ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಕಂಪ್ಯೂಟರ್ ಕಡಿಮೆ ಇಂಧನ ಬಿಡುತ್ತದೆ, ಎಂಜಿನ್ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ.

ಹೊರಬಾಯಿಗೆ ಹೊರಮುಖವಾಗಿ ಮಾತ್ರ ತೆರೆಯುವ ಚೆಕ್ ವಾಲ್ವ್ ಕೂರಿಸಿದರೆ ಈ ಒಳಸೆಳೆತ ನಿಲ್ಲುತ್ತದೆ. ಆದರೆ ಅದರ ಒಳವ್ಯಾಸ ವಾಲ್ವಿನ ಬಾಯಿಗಿಂತ ಕಿರಿದಾಗಿರಬಾರದು. ಸೂಚನಾ ಕೊಳವೆಗೆಂದು ಮಾರುವ ನಾಲ್ಕಾರು ಮಿಲಿಮೀಟರಿನ ಪ್ಲಾಸ್ಟಿಕ್ ಕವಾಟ ಇಲ್ಲಿ ಉಪಯೋಗಕ್ಕೆ ಬಾರದು. ಗಾಳಿ ಹೊರಹೋಗಲಾರದೆ ಸರ್ಜ್ ಮರಳುತ್ತದೆ. ಗಾಳಿಯನ್ನು ಟರ್ಬೊದ ಬಾಯಿಗೇ ಮರಳಿಸುವ ಮೂಲ ವ್ಯವಸ್ಥೆಯಲ್ಲಂತೂ ಇದರ ಅಗತ್ಯವೇ ಇಲ್ಲ. ಅಲ್ಲಿ ಸುತ್ತುವ ಗಾಳಿಯೆಲ್ಲ ಫಿಲ್ಟರ್ ದಾಟಿ, ಅಳತೆಗೆ ಒಳಪಟ್ಟು ಬಂದದ್ದು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಸಂವೇದಕ ಅಳೆದ ಗಾಳಿಯನ್ನು ಗೇರ್ ಬದಲಿಸುವಾಗ ಬಯಲಿಗೆ ಚೆಲ್ಲಿದರೆ, ಕಂಪ್ಯೂಟರ್ ಇಲ್ಲದ ಗಾಳಿಗೂ ಇಂಧನ ಬಿಟ್ಟಿರುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ, ಮುಗ್ಗರಿಸುವ ಓಟ, ಕ್ರಮೇಣ ಕೆಟಲಿಟಿಕ್ ಕನ್ವರ್ಟರ್‌ಗೆ ಹಾನಿ ಉಂಟಾಗಬಹುದು. ಇದನ್ನು ಯಾವ ಚೆಕ್ ವಾಲ್ವೂ ಸರಿಪಡಿಸದು.

ಅಪಾಯದ ಜಾಗ: ಬ್ರೇಕ್ ಕೊಳವೆ

ಹೊಸ ವಾಲ್ವಿಗೆ ಸೂಚನೆ ಬೇಕೆಂದಾಗ ಬಾನೆಟ್ ಎತ್ತಿದೊಡನೆ ಸುಲಭವಾಗಿ ಕಣ್ಣಿಗೆ ಬೀಳುವುದು ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಕೊಳವೆ. ಅದನ್ನು ಕತ್ತರಿಸಿ ಮೂರು ಬಾಯಿಯ ಜೋಡಣೆ ಹಾಕುವುದು ಕೆಲವರಿಗೆ ಸರಳ ದಾರಿಯಾಗಿ ತೋರುತ್ತದೆ. ನಿಜವಾದ ಅಪಾಯ ಇರುವುದು ಇಲ್ಲಿಯೇ.

ಬ್ರೇಕ್ ಪೆಡಲಿನ ಹಿಂದಿರುವ ದೊಡ್ಡ ದುಂಡು ಡಬ್ಬಿಯೇ ಬೂಸ್ಟರ್. ಎಂಜಿನ್ನಿನ ಅಥವಾ ಪ್ರತ್ಯೇಕ ಪಂಪಿನ ನಿರ್ವಾತವನ್ನು ಬಳಸಿ ಇದು ಚಾಲಕನ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಅದರ ಕೊಳವೆಯಲ್ಲಿ ತಯಾರಕರೇ ಇಟ್ಟ ಚೆಕ್ ವಾಲ್ವ್ ಇರುತ್ತದೆ. ಅದು ಎರಡು ಕೆಲಸ ಮಾಡುತ್ತದೆ: ಎಂಜಿನ್ ನಿಂತರೂ ಒಂದೆರಡು ಬಾರಿ ಬ್ರೇಕ್ ಹಾಕುವಷ್ಟು ನಿರ್ವಾತವನ್ನು ಡಬ್ಬಿಯಲ್ಲಿ ಕಾದಿಡುವುದು, ಮತ್ತು ಟರ್ಬೊದ ಒತ್ತಡ ಬೂಸ್ಟರ್‌ಗೆ ನುಗ್ಗದಂತೆ ತಡೆಯುವುದು.

ಈ ಚೆಕ್ ವಾಲ್ವಿಗೂ ಬೂಸ್ಟರ್‌ಗೂ ನಡುವೆ ಕವಲು ತೆಗೆದರೆ ಬ್ಲೋ-ಆಫ್ ವಾಲ್ವಿಗೆ ನಿರ್ವಾತ ಮಾತ್ರ ಸಿಗುತ್ತದೆ, ಒತ್ತಡ ಎಂದೂ ಸಿಗದು. ಅದಕ್ಕಿಂತ ಮುಖ್ಯವಾಗಿ, ಆ ತೆಳು ಕೊಳವೆ ಬಿಸಿಗೆ ಸೀಳಿದರೆ ಅಥವಾ ಕಳಚಿದರೆ ಬೂಸ್ಟರ್‌ನ ನಿರ್ವಾತವೆಲ್ಲ ಬರಿದಾಗುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಸಂಪೂರ್ಣ ಸತ್ತಿರುವುದಿಲ್ಲ, ಆದರೆ ಅದೇ ನಿಲುಗಡೆಗೆ ಹಲವು ಪಟ್ಟು ಬಲದಿಂದ ತುಳಿಯಬೇಕಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿದ್ದಾಗಲೂ, ತುಳಿದ ಮೇಲೆ ನಿಲ್ಲಲು ಸುಮಾರು 50 ಮೀಟರ್ ಬೇಕು. ಪೆಡಲ್ ಏಕೆ ಗಟ್ಟಿಯಾಯಿತೆಂದು ಚಾಲಕ ಅರಿಯುವ ಎರಡು ಸೆಕೆಂಡಿನಲ್ಲಿ ಅದಕ್ಕಿಂತ ಹೆಚ್ಚು ದೂರ ಕಳೆದುಹೋಗಿರುತ್ತದೆ.

ಕೊಳವೆ ಮರುಜೋಡಿಸುವಾಗ ಮೂಲ ಚೆಕ್ ವಾಲ್ವನ್ನೇ ಕೈಬಿಡುವುದು ಅಥವಾ ತಿರುವುಮುರುವು ಕೂರಿಸುವುದು ಇನ್ನೂ ಕೆಟ್ಟದ್ದು. ಮ್ಯಾನಿಫೋಲ್ಡ್‌ನ ನಿರ್ವಾತವನ್ನೇ ನೆಚ್ಚಿದ ಕಾರಿನಲ್ಲಿ ಆಗ ಬೂಸ್ಟರ್‌ಗೆ ನಿರ್ವಾತದ ಬದಲು ಟರ್ಬೊದ ಒತ್ತಡ ಹೋಗುತ್ತದೆ. ಆದ್ದರಿಂದ ಬ್ಲೋ-ಆಫ್ ವಾಲ್ವಿನ ಸೂಚನೆಯನ್ನು ಮ್ಯಾನಿಫೋಲ್ಡ್‌ನ ಪ್ರತ್ಯೇಕ ಬಾಯಿಯಿಂದಲೇ ಪಡೆಯಬೇಕು. ಬ್ರೇಕ್ ಕೊಳವೆಯನ್ನು ಮುಟ್ಟಬಾರದು.

ಮನೆಯಲ್ಲೇ ಪರೀಕ್ಷಿಸುವ ಬಗೆ

ಈಗಾಗಲೇ ಇಂತಹ ಕೆಲಸ ಮಾಡಿಸಿರುವವರು, ಅಥವಾ ಹಳೆಯ ಟರ್ಬೊ ಕಾರು ಕೊಂಡವರು, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಈ ಪರೀಕ್ಷೆಗಳನ್ನು ಮಾಡಬಹುದು.

ಎಂಜಿನ್ ಆರಿಸಿ ಬ್ರೇಕ್ ಪೆಡಲನ್ನು ಐದಾರು ಬಾರಿ ಒತ್ತಿರಿ, ಪೆಡಲ್ ಗಟ್ಟಿಯಾಗುತ್ತದೆ. ಈಗ ಅದನ್ನು ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕೊಂಚ ಕೆಳಗಿಳಿದರೆ ಬೂಸ್ಟರ್‌ಗೆ ನಿರ್ವಾತ ತಲುಪುತ್ತಿದೆ ಎಂದರ್ಥ.

ಅನಂತರ ಒಂದೆರಡು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಮತ್ತೆ ಕೆಲವು ನಿಮಿಷ ಬಿಟ್ಟು ಪೆಡಲ್ ಒತ್ತಿರಿ. ಮೊದಲ ಒತ್ತು ಮೆದುವಾಗಿದ್ದು, ಮುಂದಿನವು ಕ್ರಮೇಣ ಗಟ್ಟಿಯಾದರೆ ಬ್ರೇಕ್‌ನ ಚೆಕ್ ವಾಲ್ವ್ ನಿರ್ವಾತವನ್ನು ಕಾಯುತ್ತಿದೆ. ಮೊದಲ ಒತ್ತೇ ಗಟ್ಟಿಯಾಗಿದ್ದರೆ ಎಲ್ಲೋ ಸೋರಿಕೆಯಿದೆ. ಅಂತಹ ಕಾರನ್ನು ಹೆದ್ದಾರಿಗೆ ಒಯ್ಯದೆ ಮೊದಲು ತಪಾಸಣೆ ಮಾಡಿಸಬೇಕು.

ಬಿಡಿ ಚೆಕ್ ವಾಲ್ವನ್ನು ಬಾಯಿಂದ ಊದಿ ನೋಡಿದರೆ ಸಾಕು: ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಕೂಡದು. ಮೈಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ಮೀನಿನ ತೊಟ್ಟಿಯ ಗಾಳಿಪಂಪಿಗೆ ಸಿಗುವ ಅಗ್ಗದ ಕವಾಟ ನೋಡಲು ಹೀಗೆಯೇ ಇದ್ದರೂ ಎಂಜಿನ್ ಕೋಣೆಯ ಬಿಸಿಯನ್ನೂ ಪೆಟ್ರೋಲ್ ಆವಿಯನ್ನೂ ತಾಳಲಾರದು.

ಎಲ್ಲ ಕಾರುಗಳಿಗೂ ಅನ್ವಯಿಸುವುದಿಲ್ಲ

ಬಿಡದಿಯ ಟೊಯೋಟ ಕಾರ್ಖಾನೆಯ ಮೊದಲ ವಾಹನ ಕ್ವಾಲಿಸ್‌ನ ಡೀಸೆಲ್ ಎಂಜಿನ್ನಿಗೆ ಟರ್ಬೊ ಇರಲಿಲ್ಲ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ ಡೀಸೆಲ್ ಎಂಜಿನ್ನಿಗೆ ಟರ್ಬೊ ಇತ್ತು. ಆದರೂ ಅದು ಬ್ಲೋ-ಆಫ್ ವಾಲ್ವ್ ಕೇಳಲಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದು ಇಂಧನದ ಪ್ರಮಾಣ. ಪೆಟ್ರೋಲ್ ಕಾರಿನಂತೆ ಕಾಲು ತೆಗೆದಾಗಲೆಲ್ಲ ಗಾಳಿಯ ಬಾಗಿಲು ಮುಚ್ಚುವುದಿಲ್ಲ. ಡೀಸೆಲ್ ಕಾರುಗಳಿಗೆಂದು ಮಾರುವ 'ಬ್ಲೋ-ಆಫ್' ಕಿಟ್‌ಗಳು ಸದ್ದಿಗಾಗಿ ಮಾಡಿದವೇ ಹೊರತು ಎಂಜಿನ್ನಿಗೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲ.

ಹೊಸ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಅನೇಕಕ್ಕೆ ವಿದ್ಯುತ್ತಿನಿಂದ ತೆರೆಯುವ ಡೈವರ್ಟರ್ ಇರುತ್ತದೆ. ಅವುಗಳಿಗೆ ಸೂಚನಾ ಕೊಳವೆಯೇ ಇಲ್ಲ. ಆದೇಶ ಕೊಡುವುದು ಕಂಪ್ಯೂಟರ್. ಅಲ್ಲಿ ಚೆಕ್ ವಾಲ್ವ್ ಮಾತೇ ಅಪ್ರಸ್ತುತ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನಕ್ಕೆ 190ನೇ ಕಲಂ ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಎಂಜಿನ್ನಿನ ಇಂಧನ ಮಿಶ್ರಣದಲ್ಲಿನ ಏರುಪೇರಿಗೆ ಸಹನೆ ಇನ್ನಷ್ಟು ಕಡಿಮೆಯಾಗಿದೆ. ಮಾರ್ಪಾಡಿನಿಂದ ಉಂಟಾದ ಹಾನಿ ಸಾಮಾನ್ಯವಾಗಿ ತಯಾರಕರ ವಾರಂಟಿಯ ಹೊರಗುಳಿಯುತ್ತದೆ.

ಹಾಗೆಂದು ಬ್ಲೋ-ಆಫ್ ವಾಲ್ವನ್ನು ಬದಲಿಸಲೇಬಾರದೆಂದಲ್ಲ. ಮೂಲ ವಾಲ್ವಿನ ರಬ್ಬರ್ ಪೊರೆ ಹರಿದರೆ ಒತ್ತಡ ಸೋರುತ್ತದೆ, ಎಳೆತ ಕುಗ್ಗುತ್ತದೆ, ಆಗ ಬದಲಿಸಲೇಬೇಕು. ಅದೇ ಮಾದರಿಯ, ಗಾಳಿಯನ್ನು ಮರಳಿ ಟರ್ಬೊಗೆ ಕಳಿಸುವ ವಾಲ್ವ್ ಹಾಕಿಸಿದರೆ ಚೆಕ್ ವಾಲ್ವಿನ ಗೋಜೇ ಇರುವುದಿಲ್ಲ. ಸುಸ್ಥಿತಿಯಲ್ಲಿರುವ ವಾಲ್ವಿನ ಬದಲಿಗೆ ಸದ್ದು ಮಾಡುವ ವಾಲ್ವ್ ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ. ಹಾಗಿದ್ದೂ ಹಾಕಿಸುವವರು ಕೆಲಸ ಆರಂಭವಾಗುವ ಮೊದಲೇ ಮೆಕ್ಯಾನಿಕ್‌ನನ್ನು ಎರಡು ಪ್ರಶ್ನೆ ಕೇಳಲಿ: ಸೂಚನೆಯನ್ನು ಯಾವ ಬಾಯಿಂದ ತೆಗೆಯುತ್ತೀರಿ, ಚೆಕ್ ವಾಲ್ವಿನ ಬಾಣ ಯಾವ ಕಡೆಗಿರುತ್ತದೆ? ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಬಾನೆಟ್ ಮುಚ್ಚಿಸಿ ಮನೆಗೆ ಮರಳುವುದೇ ಕ್ಷೇಮ.